ಸುನ್ನಿವಾ ಮತ್ತು ಇನ್ನೊಂದು ಹೆಸರು

ನನ್ನ ಮಗಳಿಗೆ ಎರಡು ಹೆಸರುಗಳಿದ್ದವು. ಮೊದಲನೆಯದು ನನ್ನ ಅಮ್ಮನದು, ಎರಡನೆಯದು ಸುನ್ನಿವಾ. ಇದೆಂಥ ಸ್ವೀಡಿಷ್ ಹೆಸರು ಎಂದು ನಮ್ಮವರು ಹುಬ್ಬೇರಿಸುತ್ತಾರೆ. ಅದು ಸ್ವೀಡಿಷ್ ಅಲ್ಲ, ಇಂಗ್ಲಿಷ್. ಇಂಗ್ಲಿಷರೇ ಯಾವ ಕಾಲದಲ್ಲೋ ಬಿಸಾಕಿದ ಇಂಗ್ಲಿಷ್.

ನಾವು ಸ್ವೀಡನ್ನಿನ ಶೋವ್ಡೆಗೆ ಬಂದು ವರ್ಷ ತುಂಬಿರಲಿಲ್ಲ. ಗಂಡನಿಗೆ ಎಂಜಿನ್ ಕಾರ್ಖಾನೆಯಲ್ಲಿ ಸಾಫ್ಟ್‌ವೇರ್ ಕೆಲಸ. ನಾನು ತುಂಬು ಬಸುರಿ. ಆಗಲೇ ದಾವಣಗೆರೆಯಲ್ಲಿ ಅಮ್ಮ ತೀರಿಕೊಂಡಳು. ವಿಮಾನ ಹತ್ತಕೂಡದು ಎಂದರು ಡಾಕ್ಟರು. ವೈಕುಂಠ ಸಮಾರಾಧನೆ ಮುಗಿಯುವಷ್ಟರಲ್ಲಿ ಅಕ್ಕಂದಿರು ಸೀರೆ, ಬಳೆ, ಕೊನೆಗೆ ಅವಳ ಕನ್ನಡಕದ ಡಬ್ಬಿಯನ್ನೂ ಹಂಚಿಕೊಂಡಿದ್ದರು. ನನ್ನ ಪಾಲಿಗೆ ಏನೂ ಇಲ್ಲ. ಹಾಗಿದ್ದರೆ ಹೆಸರು ನನ್ನದು ಎಂದು ಹಟ ಹಿಡಿದೆ. ಹೆಣ್ಣು ಹುಟ್ಟಿದರೆ ಅಮ್ಮನ ಹೆಸರೇ.

"ಇಡೋಣ, ಬೇಡ ಅಂದ್ನಾ? ಆದ್ರೆ ಇವ್ರ ಬಾಯಲ್ಲಿ ನಿಮ್ಮಮ್ಮನ ಹೆಸರು ನಜ್ಜುಗುಜ್ಜಾಗುತ್ತೆ ಕಣೇ. ಜೊತೇಲಿ ಇವ್ರಿಗೆ ಈಸಿ ಆಗೋದು ಒಂದಿರ್ಲಿ," ಎಂದ ಗಂಡ.

ಹುಡುಕಿ ತಂದದ್ದು ಅವನೇ. ಫೀಕಾ ಎಂದು ಇಲ್ಲಿಯವರು ಕರೆಯುವ ಕಾಫಿ-ತಿಂಡಿಗೆ ಯಾರೇ ಬರಲಿ, ಅವರ ಕಾಫಿ ಆರುವ ತನಕ ಆ ಹೆಸರಿನ ಪುರಾಣ ಬಿಚ್ಚುತ್ತಿದ್ದ. ಹಳೆಯ ಇಂಗ್ಲಿಷಿನಲ್ಲಿ ಅದು ಸುನ್‌ಗಿಫು. ಸುನ್ ಎಂದರೆ ಸೂರ್ಯ, ಗಿಫು ಎಂದರೆ ಕೊಡುಗೆ. ಬೇಡದ ಮದುವೆಯಿಂದ ತಪ್ಪಿಸಿಕೊಂಡ, ಇದೇ ಹೆಸರಿನ ಐರ್ಲೆಂಡಿನ ರಾಜಕುಮಾರಿಯೊಬ್ಬಳು ಹುಟ್ಟೂ ಹಾಯಿಯೂ ಇಲ್ಲದ ದೋಣಿಯಲ್ಲಿ ತೇಲಿ ನಾರ್ವೆ ಸೇರಿದಳಂತೆ, ಅಲ್ಲಿ ಸಂತಳಾದಳಂತೆ. ಇಂಗ್ಲೆಂಡಿನಲ್ಲಿ ಅಳಿದ ಹೆಸರು ಈ ಕಡೆ ಉಳಿಯಿತು. "ನಮ್ಮ ಸೂರ್ಯದತ್ತ ಇದ್ದಂಗೇ ಅಲ್ವಾ?" ಎಂದು ತಾನೇ ಹೆತ್ತವನ ಹಾಗೆ ಬೀಗುತ್ತಿದ್ದ. ಮಗು ಹುಟ್ಟಿದ್ದು ನವೆಂಬರಿನಲ್ಲಿ, ಮಧ್ಯಾಹ್ನದ ಕಾಫಿಗೇ ದೀಪ ಹಾಕಬೇಕಾದ ತಿಂಗಳಲ್ಲಿ. ಸೂರ್ಯ ಕೊಟ್ಟದ್ದು ಅಷ್ಟರಲ್ಲೇ ಇತ್ತು!

ಡಾಗಿಸ್‌ಗೆ, ಅಂದರೆ ಇಲ್ಲಿಯ ಶಿಶುವಿಹಾರಕ್ಕೆ ಸೇರಿಸಿದ ದಿನ, ಎರಡರಲ್ಲಿ ಯಾವುದರಿಂದ ಕರೆಯೋಣ ಎಂದು ಅಲ್ಲಿಯ ಟೀಚರ್ ಕೇಳಿದಳು. ಗಂಡ ಥಟ್ಟನೆ ಸುನ್ನಿವಾ ಎಂದ. ಮನೆಯಲ್ಲಿ ಅವಳು ಪುಟ್ಟಿ. ಹಿರಿಯರ ಹೆಸರನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಅಜ್ಜಿಯ ಹೆಸರಿಟ್ಟ ಮಗುವನ್ನು ಪುಟ್ಟಿ, ಅಮ್ಮಿ ಎಂದೇ ಕರೆಯುವುದು. ಅನ್ನ ಚೆಲ್ಲಿದಳೆಂದು ಅಮ್ಮನ ಹೆಸರು ಹಿಡಿದು ಬೈಯಲು ಯಾರಿಗೆ ನಾಲಿಗೆ ಏಳುತ್ತದೆ? ಊರಿನಲ್ಲಾಗಿದ್ದರೆ ಚಿಂತೆಯಿರಲಿಲ್ಲ. ಮೇಷ್ಟರು, ಪಕ್ಕದ ಮನೆಯವರು, ಕುಂಟೆಬಿಲ್ಲೆ ಆಡುವ ಹುಡುಗಿಯರು ನಮ್ಮ ಪಾಲಿನದನ್ನೂ ಸೇರಿಸಿ ಕೂಗುತ್ತಿದ್ದರು. ಇಲ್ಲಿ ಕೂಗುವವರು ಯಾರು? ಇವರು ಯಾರದೋ ಹೆಸರನ್ನು ಶತಮಾನಗಟ್ಟಲೆ ಕರೆದು ಕರೆದು ಉಳಿಸಿಕೊಂಡರು. ನಾನು, ಅಮ್ಮನದು ಪಾಸ್‌ಪೋರ್ಟಿನಲ್ಲಿ ಅಚ್ಚಾಗಿದೆಯಲ್ಲ ಎಂದು ನೆಮ್ಮದಿಯಾಗಿದ್ದೆ. ನನ್ನ ಬುದ್ಧಿಗಿಷ್ಟು!

ಕಳೆದ ನವೆಂಬರಿನಲ್ಲಿ ಮಗಳಿಗೆ ಹದಿನೆಂಟು ತುಂಬಿತು. ಇಲ್ಲಿ ಆ ವಯಸ್ಸಿಗೆ ತಮ್ಮ ಹೆಸರನ್ನು ತಾವೇ ಬದಲಿಸಿಕೊಳ್ಳಬಹುದು, ಫೋನಿನಲ್ಲೇ ಅರ್ಜಿ ತುಂಬಿ ಬೆರಳೊತ್ತಿದರಾಯಿತು. ಒಂದು ಸಂಜೆ ಸೋಫಾದ ಮೇಲೆ ಕೂತು, "ಅಮ್ಮಾ, ಐ ಆಮ್ ರಿಮೂವಿಂಗ್ ದ ಫಸ್ಟ್ ಒನ್," ಎಂದಳು, ಹಳೆಯ ಸ್ವೆಟರ್ ಬಿಸಾಕುವವಳಂತೆ.

ನನಗೆ ಮೈಯೆಲ್ಲ ಉರಿದುಹೋಯಿತು. "ಅದು ಅಜ್ಜಿ ಹೆಸರು ಕಣೇ! ಅವಳದು ಅಂತ ನನ್ನತ್ರ ಇರೋದು ಅದೊಂದೇ. ತೆಗೀತೀನಿ ಅನ್ನೋಕೆ ನೀನ್ಯಾರು?"

"ನೇಯ್, ಹಂಗಲ್ಲ ಅಮ್ಮಾ. ಹಾಸ್ಪಿಟಲಲ್ಲಿ ಅದನ್ನ ಕೂಗಿದ್ರೆ ಬೇರೆ ಯಾರನ್ನೋ ಕರೀತಿದಾರೆ ಅನ್ಸುತ್ತೆ. ಅದು ನಾನಲ್ಲ. ನೀನೇ ಯಾವತ್ತೂ ಕರೆದಿಲ್ವಲ್ಲ."

ತಟ್ಟೆ ಜೋಡಿಸುತ್ತಿದ್ದ ಗಂಡ ತಲೆಯೆತ್ತಲಿಲ್ಲ.

ಮಗಳು ಫೋನನ್ನು ತೊಡೆಯ ಮೇಲೆ ಇಟ್ಟಳು. "ಓಕೆ. ಈಗ ಕರಿ. ಒಂದೇ ಒಂದ್ಸಲ ಆ ಹೆಸ್ರಲ್ಲಿ ಕರೆದ್ರೆ ತೆಗೆಯಲ್ಲ, ಪ್ರಾಮಿಸ್."

ಅದು ತಮಾಷೆಯಾಗಿರಲಿಲ್ಲ. ಅವಳು ನನ್ನನ್ನೇ ನೋಡುತ್ತಾ ಕಾದಳು. ಅವಳಿಗೂ ನಾನು ಕರೆಯುವುದು ಬೇಕಿತ್ತು, ಆ ಮುಖ ಈಗಲೂ ಕಣ್ಣ ಮುಂದಿದೆ. ಬಾಯಿ ತೆರೆದೆ. ಅಮ್ಮನನ್ನೇ ಎದುರಿಗೆ ನಿಲ್ಲಿಸಿಕೊಂಡು ಏನೇ ಎಂದು ಕೂಗಿದ ಹಾಗಾಗುತ್ತದೆ ಎನ್ನಿಸಿತು. ಇನ್ನೊಮ್ಮೆ ಉಸಿರೆಳೆದುಕೊಂಡೆ. ಹೆಸರು ನಾಲಿಗೆಯವರೆಗೆ ಬಂದು ಅಲ್ಲೇ ನಿಂತಿತು.

"ಸಾರು ಆರ್ತಾ ಇದೆ," ಎಂದೆ. "ಊಟಕ್ಕೆ ಬಾರೇ."

ಬಂದಳು. ಫೋನಿನ ಮೇಲೆ ಬೆರಳೊತ್ತಿ, ಕೈ ತೊಳೆದುಕೊಂಡು ಬಂದಳು.