‘ಆರು’ ಎಂದ ದನಿ

ಇಂಥದ್ದನ್ನೆಲ್ಲ ನಾನು ನಂಬಿದವನಲ್ಲ. ಸೈಕಲ್ ರೇಸಿಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ತಂಡದವನೊಬ್ಬ ಹ್ಯಾಂಡಲ್‌ಗೆ ನಿಂಬೆಹಣ್ಣು ಕಟ್ಟದೆ ಹೊರಡುತ್ತಿರಲಿಲ್ಲ. ಒಮ್ಮೆ ಅದನ್ನೇ ಹಿಂಡಿ ಶರಬತ್ತು ಮಾಡಿ ಅವನಿಗೇ ಕುಡಿಸಿದ್ದೆ. ನನಗಿದ್ದದ್ದು ಒಂದೇ ನಂಬಿಕೆ: ಹಿಂದೆ ತಿರುಗಿ ನೋಡಬಾರದು, ನೋಡಿದರೆ ವೇಗ ಇಳಿಯುತ್ತದೆ. ಹನ್ನೆರಡು ವರ್ಷ ಹಾಗೆಯೇ ತುಳಿದೆ. ಮೊಣಕಾಲು ಕೈಕೊಟ್ಟ ಮೇಲೆ ಕೋಚ್ ಆದೆ.

ಐರೋಲಿಯಲ್ಲಿ ಬೆಳಗ್ಗೆ ಆರು ಮಂದಿಗೆ ಕಲಿಸುತ್ತಿದ್ದೆ. ನಾನು ಮುಂದೆ, ಅವರು ನನ್ನ ಹಿಂದೆ ಸಾಲಾಗಿ. ತಿರುಗಿ ನೋಡುವ ಅಭ್ಯಾಸವಿಲ್ಲವಲ್ಲ, ಅದಕ್ಕೊಂದು ಉಪಾಯ ಮಾಡಿದ್ದೆ. ನಾನು “ಲೆಕ್ಕ!” ಎಂದು ಕೂಗಿದರೆ ಅವರು ಕ್ರಮವಾಗಿ ಒಂದು, ಎರಡು ಎಂದು ಕೂಗಬೇಕು. ಮರಾಠಿ ಹುಡುಗರೂ ಕನ್ನಡದಲ್ಲೇ ಎಣಿಸಬೇಕು; ಅದು ನನ್ನ ಸಣ್ಣ ದಬ್ಬಾಳಿಕೆ. ಕೊನೆಯವಳು ಅನ್ವಿತಾ, ಡೊಂಬಿವಲಿಯಲ್ಲಿ ಹೋಟೆಲಿಟ್ಟ ಉಡುಪಿಯವರ ಮಗಳು. ಎರಡು ವಾರದಲ್ಲಿ ರಾಜ್ಯ ತಂಡದ ಆಯ್ಕೆಯಿತ್ತು. ನನ್ನ ಶಿಷ್ಯರಲ್ಲಿ ಅಲ್ಲಿಯವರೆಗೆ ಮುಟ್ಟಿದವಳು ಅವಳೊಬ್ಬಳೇ.

ಆ ದಿನ ದಟ್ಟ ಮಂಜು. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಸೇತುವೆ ದಾಟಿದ ಮೇಲೆ ಲೆಕ್ಕ ಕೇಳಿದೆ. ಆರು ದನಿಯೂ ಬಂದವು. ಅನ್ವಿತಾಳದು ಎಂದಿನ ಹಾಗೆ ಸ್ವಲ್ಪ ಎಳೆದ “ಆರೂ”. ನಿಶ್ಚಿಂತೆಯಿಂದ ಮುಂದೆ ಹೋದೆವು. ಚಹಾದ ಟಪರಿ ಅಂಗಡಿಯ ಹತ್ತಿರ ನಿಂತಾಗ ನನ್ನ ಹಿಂದೆ ಸೈಕಲ್ ಐದೇ ಇದ್ದವು; ಅನ್ವಿತಾ ಇರಲಿಲ್ಲ.

ಅವಳ ಮುಂದಿನವನಾದ ಓಂಕಾರನ ಮುಖ ಬಿಳಿಚಿತು. “ಸರ್, ಪೀಛೇ ಸೇ ಆವಾಜ್ ಆಯೀ ಥೀ ನಾ! ಮೇರೇ ಕಾನ್ ಕೇ ಪಾಸ್!” ಹಿಂದಿನಿಂದ, ತನ್ನ ಕಿವಿಯ ಹತ್ತಿರವೇ ದನಿ ಬಂದಿತ್ತೆಂದು ಅವನ ಮಾತು. ಉಳಿದವರೂ ಅದನ್ನು ಕೇಳಿಸಿಕೊಂಡಿದ್ದರು.

ಅವಳು ಸಿಕ್ಕಿದ್ದು ಸೇತುವೆಗಿಂತ ಮೊದಲು, ರಸ್ತೆಯಂಚಿನ ಹುಲ್ಲಿನಲ್ಲಿ. ಗುಂಡಿಯಲ್ಲಿ ಚಕ್ರ ಸಿಕ್ಕಿ ಬಿದ್ದಿದ್ದಳು, ಕಾಲರ್ ಬೋನ್ ಮುರಿದಿತ್ತು. ಟ್ಯಾಂಕರೊಂದರ ಸದ್ದಿನಲ್ಲಿ ಬಿದ್ದದ್ದು ನಮಗೆ ಕೇಳಿಸಿರಲಿಲ್ಲ. ನಾನು ಲೆಕ್ಕ ಕೂಗಿದ ಜಾಗ ಅಲ್ಲಿಂದ ಒಂದೂವರೆ ಕಿಲೋಮೀಟರ್ ಮುಂದೆ.

“ನೀವು ಲೆಕ್ಕ ಕೇಳಿದ್ದು ನಂಗೆ ಕೇಳಿಸ್ತು ಸರ್,” ಎಂದು ಅತ್ತಳು. “ಬಿದ್ದಲ್ಲಿಂದ್ಲೇ ಆರು ಅಂದೆ. ಫಿರ್ ಭೀ ಆಪ್ ಲೋಗ್ ಚಲೇ ಗಯೇ. ನನ್ನ ಬಿಟ್ಟೇ ಹೋದ್ರಿ.”

ಆಯ್ಕೆ ಕೈತಪ್ಪಿತು. ಆಸ್ಪತ್ರೆಯಲ್ಲಿ ಅವಳ ತಾಯಿ ಕೇಳಿದ್ದು ಒಂದೇ ಮಾತು: “ಒಂದ್ಸಲ ತಿರುಗಿ ನೋಡ್ಲಿಕ್ಕೆ ಎಂತ ಆಗಿತ್ತು ಸರ್ ನಿಮ್ಗೆ?” ಇವತ್ತಿಗೂ ಆ ಮಾತು ನೆನಪಾದರೆ ನಾಚಿಕೆಯಾಗುತ್ತದೆ.

ಮಂಜಿನಲ್ಲಿ ಸದ್ದು ದೂರ ಹೋಗುತ್ತದೆ ಎಂದರು ಕೆಲವರು. ಇನ್ನೊಂದು ಮಂಜಿನ ದಿನ ಓಂಕಾರನನ್ನು ಅದೇ ಹುಲ್ಲಿನಲ್ಲಿ ನಿಲ್ಲಿಸಿ, ನಾನು ಸೇತುವೆಯಾಚೆಯಿಂದ ಗಂಟಲು ಹರಿಯುವಂತೆ ಕೂಗಿದೆ; ಅವನೂ ಅಲ್ಲಿಂದ ಕೂಗಿದ. ಅವನಿಗೂ ಕೇಳಲಿಲ್ಲ, ನನಗೂ ಕೇಳಲಿಲ್ಲ. ಆ ದನಿ ಅವಳನ್ನು ಕಾಪಾಡಲು ಬಂದದ್ದಾದರೆ ನಾವು ನಿಲ್ಲಬೇಕಿತ್ತು. ಕೇಡಿಗೆ ಬಂದದ್ದು ಎನ್ನೋಣವೆಂದರೆ ಅದು ಅವಳದೇ ದನಿ. ಯೋಚಿಸಿದಷ್ಟೂ ತಲೆ ಕೆಡುತ್ತದೆ.

ಮರುವರ್ಷ ಅನ್ವಿತಾ ಮರಳಿ ಬಂದಳು, ಹಟ ಹಿಡಿದು ಕೊನೆಯಲ್ಲೇ ನಿಂತಳು. ಈಗಲೂ ನಾನು ಲೆಕ್ಕ ಕೇಳುತ್ತೇನೆ, ಅವಳು “ಆರೂ” ಎನ್ನುತ್ತಾಳೆ. ತಿರುಗಿ ನೋಡುತ್ತೇನೆ. ವೇಗ ಇಳಿದರೆ ಇಳಿಯಲಿ.

“ಇದ್ದೇನೆ ಸರ್,” ಎಂದು ಅವಳು ನಗುತ್ತಾಳೆ. ಕಣ್ಣಾರೆ ಕಂಡ ಮೇಲೂ, ಇನ್ನೊಮ್ಮೆ ತಿರುಗುತ್ತೇನೆ.