ಆಟದ ಸಾಮಾನಿನ ಕೋಣೆಯಲ್ಲಿ ತೊಟ್ಟಿಲು

ನನ್ನ ಕೋಣೆಯನ್ನು ಕಿತ್ತುಕೊಂಡವರ ಬಗ್ಗೆ ಒಳ್ಳೆಯ ಮಾತು ಬರೆಯುವುದು ಸುಲಭದ ಕೆಲಸವಲ್ಲ. ಆದರೂ ಬರೆಯುತ್ತಿದ್ದೇನೆ. ವಾಗ್ದೇವಿ ಮೇಡಂ ಬರುವ ತಿಂಗಳು ನಿವೃತ್ತರಾಗುತ್ತಾರೆ. ಬೀಳ್ಕೊಡುಗೆಯ ದಿನ ಎಲ್ಲರೂ ಮೈಕಿನ ಮುಂದೆ ನಿಂತು 'ಸರಳ ಸಜ್ಜನಿಕೆಯ ಮೂರ್ತಿ' ಎಂದು ಹೇಳಿ, ಶಾಲು ಹೊದಿಸಿ, ಊಟಕ್ಕೆ ಏಳುತ್ತಾರೆ. ಅವರು ಸರಳರಲ್ಲ, ಸಜ್ಜನಿಕೆಯೂ ಅವರಿಗೆ ಬೇಕಾದಾಗ ಮಾತ್ರ. ಅವರು ಮಹಾ ಹಠಮಾರಿ. ಆ ಹಠದ ಮೇಲೆ ನನಗೆ ಇರುವಷ್ಟು ಗೌರವ ಬೇರೆ ಯಾವುದರ ಮೇಲೂ ಇಲ್ಲ.

ನಾನು ಕೃಷ್ಣಕುಮಾರ, ಲಾಯಿಲದ ಆಚೆ ಇರುವ ನಮ್ಮ ಪದವಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕ. ಹೆಸರು ದೊಡ್ಡದು, ಮಕ್ಕಳ ಬಾಯಲ್ಲಿ ಪಿ.ಟಿ. ಮಾಸ್ಟ್ರು. ವಾಗ್ದೇವಿ ಮೇಡಂ ವಾಣಿಜ್ಯ ಶಾಸ್ತ್ರದವರು. ಮನೆ ಮೂಡುಬಿದಿರೆಯಲ್ಲಿ. ದಿನಾ ಬೆಳಿಗ್ಗೆ ವೇಣೂರಿನ ಮೇಲೆ ಬರುವ ಬಸ್ಸಿನಲ್ಲಿ, ಕಂಡಕ್ಟರನ ಹಿಂದಿನ ಸೀಟಿನಲ್ಲಿ ಕೂತು, ಗುರುವಾಯನಕೆರೆ ಬರುವುದರೊಳಗೆ ನಾಲ್ಕು ಜನರ ಸಂಸಾರದ ತಾಪತ್ರಯವನ್ನು ವಿಚಾರಿಸಿಕೊಂಡು ಇಳಿಯುವವರು. ಕೈಯಲ್ಲಿ ಯಾವಾಗಲೂ ಒಂದು ಕೊಡೆ. ಬಿಸಿಲಿಗೂ ಅಲ್ಲ, ಮಳೆಗೂ ಅಲ್ಲ, ಮಾತಾಡುವಾಗ ನೆಲಕ್ಕೆ ಕುಟ್ಟಲಿಕ್ಕೆ.

ನಮ್ಮಲ್ಲಿ ಮಹಿಳಾ ಕೋಶ ಎಂಬುದೊಂದು ಮೊದಲಿನಿಂದಲೂ ಇತ್ತು. ಮಾರ್ಚ್ ತಿಂಗಳಲ್ಲಿ ಒಂದು ಭಾಷಣ, ಒಂದು ರಂಗೋಲಿ ಸ್ಪರ್ಧೆ, ಆಮೇಲೆ ಗುಂಪು ಫೋಟೋ. ಅಲ್ಲಿಗೆ ವರ್ಷದ ಸಬಲೀಕರಣ ಮುಗಿಯಿತು. ಪ್ರಾಂಶುಪಾಲರು ಅದನ್ನು ವಾಗ್ದೇವಿ ಮೇಡಂ ಕೈಗೆ ಕೊಟ್ಟಾಗ ಅವರು ಮೊದಲ ಸಭೆಯಲ್ಲೇ ಕೊಡೆ ಕುಟ್ಟಿ ಕೇಳಿದರು, "ಈ ವರ್ಷ ಯಾವ್ಯಾವ ಹುಡುಗಿಯರು ಕಾಲೇಜು ಬಿಟ್ಟರು? ಯಾಕೆ ಬಿಟ್ಟರು?"

ಯಾರಿಗೂ ಗೊತ್ತಿರಲಿಲ್ಲ. ಬಿಟ್ಟವರ ಹೆಸರು ಹಾಜರಿಯಿಂದ ಹೋಗುತ್ತದೆ, ಹೆಸರಿನ ಜತೆಗೆ ನೆನಪೂ ಹೋಗುತ್ತದೆ.

ಅವರು ಶನಿವಾರ ಮಧ್ಯಾಹ್ನ ಮನೆಮನೆಗೆ ಹೊರಟರು. ದೊಡ್ಡ ದೊಡ್ಡ ಕಾರಣಗಳನ್ನು ನಿರೀಕ್ಷಿಸಿದ್ದ ನಮಗೆ ಸಿಕ್ಕಿದ್ದು ಕಿರುಬೆರಳಿನಷ್ಟು ಕಾರಣಗಳು. ಚಾರ್ಮಾಡಿ ಕಡೆಗೆ ಹೋಗುವ ಬಸ್ಸು ಕೊನೆಯ ತರಗತಿ ಬಿಡುವ ಸ್ವಲ್ಪ ಮೊದಲೇ ಹೊರಟುಬಿಡುತ್ತಿತ್ತು. ಅಷ್ಟಕ್ಕೇ ಆ ದಾರಿಯ ಹುಡುಗಿಯರು ಒಬ್ಬೊಬ್ಬರಾಗಿ ಓದು ಬಿಟ್ಟಿದ್ದರು. ಮೇಡಂ ಬಸ್ ಮಾಲಕರ ಮನೆಯ ಜಗಲಿಯಲ್ಲಿ ಹೋಗಿ ಕೂತರು. ಮರುದಿನವೂ ಕೂತರು. ಕೊನೆಗೆ ಆ ಪುಣ್ಯಾತ್ಮ ಕೈಮುಗಿದು ಸಮಯ ಬದಲಿಸಿದರು. ಇನ್ನೊಂದು ಕಾರಣ ಹೆಣ್ಣುಮಕ್ಕಳ ಶೌಚಾಲಯದ ಚಿಲಕ. ಅದು ಮುರಿದು ಯಾವ ಕಾಲವಾಗಿತ್ತೋ! ಮೇಡಂ ಮನೆಯಿಂದ ಸ್ಕ್ರೂಡ್ರೈವರ್ ತಂದು ತಾವೇ ಹೊಸ ಚಿಲಕ ಹಾಕಿದರು. "ಸಬಲೀಕರಣ ಆಮೇಲೆ ಮಾಡುವ ಮಾರಾಯ್ರೆ, ಮೊದಲು ಚಿಲಕ" ಎಂದು ನನಗೆ ಹೇಳಿದ್ದು ಆಗಲೇ.

ಇಷ್ಟಾದರೂ ಅವರ ಕೈಗೆ ಸಿಗದೆ ಜಾರುತ್ತಿದ್ದದ್ದು ಒಂದು. ನಮ್ಮ ಕಡೆ ಹುಡುಗಿಯರಿಗೆ ಓದಿನ ನಡುವೆಯೇ ಮದುವೆಯಾಗುವುದುಂಟು. 'ಮದುವೆಯಾದ ಮೇಲೂ ಓದಿಸುತ್ತೇವೆ' ಎಂದು ಎರಡೂ ಮನೆಯವರು ಹೇಳುತ್ತಾರೆ, ಸುಳ್ಳು ಹೇಳುವುದಲ್ಲ, ನಿಜವಾಗಿಯೂ ಓದಿಸುತ್ತಾರೆ. ಆದರೆ ಹೆರಿಗೆಯೂ ಪರೀಕ್ಷೆಯೂ ಒಟ್ಟಿಗೆ ಬಂದರೆ ಪರೀಕ್ಷೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಆ ಮುಂದಿನ ವರ್ಷ ಬರುವುದೇ ಇಲ್ಲ. ಹಾಗೆ ಹೋದ ಹುಡುಗಿಯರನ್ನು ಮೇಡಂ ಪೇಟೆಯಲ್ಲಿ ಕಂಡರೆ ಮಗುವಿನ ಕೆನ್ನೆ ಹಿಂಡಿ ಮಾತಾಡಿಸಿ, ಆಮೇಲೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿ ಬಿಡುತ್ತಿರಲಿಲ್ಲವಂತೆ. ಅದನ್ನು ಕಂಡಕ್ಟರೇ ನನಗೆ ಹೇಳಿದ್ದು.

ಫಾಹಿಮಾ ಬಂದದ್ದು ಅಂಥ ಹೊತ್ತಿಗೆ. ಚಾರ್ಮಾಡಿಯ ಹುಡುಗಿ, ಬಿ.ಕಾಂ. ಕೊನೆಯ ವರ್ಷ, ತರಗತಿಗೇ ಮೊದಲನೆಯವಳು. ಗಂಡ ಅನ್ಸಾಫ್ ಸೌದಿಯ ದಮ್ಮಾಮಿನಲ್ಲಿ ಕೆಲಸಕ್ಕಿದ್ದ. ತುಂಬು ಬಸುರಿಯಾಗಿಯೂ ತರಗತಿ ತಪ್ಪಿಸಲಿಲ್ಲ. ಹೆಣ್ಣು ಮಗು ಹುಟ್ಟಿತು, ಹನಾ ಎಂದು ಹೆಸರಿಟ್ಟರು. ಮಗುವಿಗೆ ಮೂರು ವಾರ ಆಗುವಾಗ ಕೊನೆಯ ವರ್ಷದ ಪರೀಕ್ಷೆ ಶುರು. ವರ್ಷದೊಳಗೆ ವೀಸಾ ಮಾಡಿಸಿ ತಾಯಿ ಮಗುವನ್ನು ಕರೆಸಿಕೊಳ್ಳುವುದು ಅನ್ಸಾಫನ ಲೆಕ್ಕ. ಅಂದರೆ ಈಗ ಬರೆಯದಿದ್ದರೆ ಆ ಹುಡುಗಿಗೆ ಪದವಿ ಇಲ್ಲ. ಮೇಡಂಗೆ ನಿದ್ದೆ ಹಾರಿಹೋಯಿತು.

ಪರೀಕ್ಷೆಗೆ ಮೊದಲು ನಾವಿಬ್ಬರೂ ನನ್ನ ಹಳೆಯ ಮಾರುತಿಯಲ್ಲಿ ಚಾರ್ಮಾಡಿಗೆ ಹೋದೆವು. ಫಾಹಿಮಾಳ ತಂದೆ ಹನೀಫಾ, ಉಜಿರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು, ಬಹಳ ಮರ್ಯಾದೆಯಿಂದ ಕೂರಿಸಿದರು.

"ನನ್ನದೇನೂ ಅಡ್ಡಿ ಇಲ್ಲ ಮೇಡಂ. ಮಗಳು ಕಲಿಯಲಿ. ನಾನೇ ಕಾರಿನಲ್ಲಿ ಕರ್ಕೊಂಡು ಬರ್ತೇನೆ" ಎಂದರು.

ಅನ್ಸಾಫನಿಗೆ ವಿಡಿಯೋ ಕರೆ ಹೋಯಿತು. "ಬರೀಲಿ ಮೇಡಂ. ಮದುವೆಗೆ ಮೊದಲೇ ನಾನು ಮಾತು ಕೊಟ್ಟಿದ್ದೇನೆ" ಎಂದ ಅವನು ಅಲ್ಲಿಂದ.

ಒಳಬಾಗಿಲಿನ ಪರದೆಯ ಹಿಂದೆ ಬಳೆಯ ಸದ್ದಾಯಿತು. ಫಾಹಿಮಾಳ ತಾಯಿ ಚಹಾದ ತಟ್ಟೆಯನ್ನು ಹನೀಫಾರ ಕೈಗೆ ದಾಟಿಸಿದರು. ಇನ್ಯಾರೋ ವಯಸ್ಸಾದವರು ಗಟ್ಟಿಯಾಗಿ ಕೆಮ್ಮಿದರು. ನಾವು ಚಹಾ ಕುಡಿದು, ಕೇಕು ತಿಂದು, ಗೆದ್ದವರ ಹಾಗೆ ಹೊರಟು ಬಂದೆವು.

ಮೊದಲ ದಿನ ಆದಾಯ ತೆರಿಗೆ ಪರೀಕ್ಷೆ. ಫಾಹಿಮಾಳ ಜಾಗ ಖಾಲಿ. ಮೇಡಂ ಗೇಟಿನ ಹತ್ತಿರ ನಿಂತದ್ದು ನಿಂತೇ ಇದ್ದರು. ಅರ್ಧ ಗಂಟೆ ಕಳೆದ ಮೇಲೆ ಯಾರನ್ನೂ ಒಳಗೆ ಬಿಡುವಂತಿಲ್ಲ. ಆ ಗಂಟೆ ಹೊಡೆದ ಮೇಲೆಯೇ ಅವರು ಫೋನು ಮಾಡಿದ್ದು.

ಹನೀಫಾರ ದನಿ ಇಳಿದುಹೋಗಿತ್ತು. "ನನ್ನ ಉಮ್ಮ ಬಿಡುದಿಲ್ಲ ಮೇಡಂ, ಫಾಹಿಮಾಳ ಅಜ್ಜಿ. ನಾಲ್ವತ್ತು ದಿನ ಆಗದೆ ಬಾಣಂತಿ ಹೊಸಿಲು ದಾಟಲಿಕ್ಕಿಲ್ಲ ಅಂತ ಹೇಳ್ತಾರೆ. ಬಾಣಂತನದಲ್ಲಿ ನಮ್ಮ ಮಾತು ಎಲ್ಲಿ ನಡೀತದೆ?"

ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪ ಒಪ್ಪಿದ, ಗಂಡ ಒಪ್ಪಿದ, ಆಮೇಲೆ ಎಲ್ಲಿಂದಲೋ ಒಬ್ಬರು ಅಜ್ಜಿ ಬರುವುದೆಂದರೇನು ಎಂದು ಕೂಗಾಡಿದೆ. ಮೇಡಂ ಕೊಡೆಯನ್ನೂ ಕುಟ್ಟಲಿಲ್ಲ.

"ಒಪ್ಪಬೇಕಾದವರನ್ನು ನಾವು ಕೇಳಲೇ ಇಲ್ಲ ಕೃಷ್ಣಕುಮಾರರೇ" ಎಂದರು. "ನಾನು ಹೆತ್ತಾಗ ನಮ್ಮ ಮನೆಯಲ್ಲಿ ನನ್ನ ಅಪ್ಪನನ್ನು ಯಾರಾದರೂ ಕೇಳಿದ್ದರಾ? ಎಲ್ಲ ಅಮ್ಮ ಹೇಳಿದ ಹಾಗೆ. ಅವರ ಮನೆಯಲ್ಲಿ ಮಾತ್ರ ಎಲ್ಲದಕ್ಕೂ ಗಂಡಸರೇ ಅಂತ ನಾನು ಹೇಗೆ ತಿಳ್ಕೊಂಡೆ? ಪರದೆಯ ಹಿಂದೆ ಕೆಮ್ಮು ಕೇಳಿಯೂ ಎದ್ದು ಒಳಗೆ ಹೋಗಲಿಲ್ಲವಲ್ಲ!"

ಮುಂದಿನ ಪರೀಕ್ಷೆಗೆ ನಡುವೆ ಒಂದೇ ದಿನ ಬಿಡುವು. ಅಂದೇ ಸಂಜೆ ಮತ್ತೆ ಚಾರ್ಮಾಡಿಗೆ ಹೋದೆವು. ಈ ಸಲ ಮೇಡಂ ಎದುರಿನ ಬಾಗಿಲಿಗೆ ಹೋಗಲಿಲ್ಲ. ಚಪ್ಪಲಿ ಬಿಟ್ಟು ಮನೆಯ ಬದಿಯಿಂದ ಸುತ್ತಿ ಸೀದಾ ಅಡುಗೆಮನೆಗೆ ನಡೆದರು. ನಾನೂ ಹನೀಫಾರೂ ಜಗಲಿಯಲ್ಲಿ ಕೂತು, ಕಿಟಕಿಯಿಂದ ಬರುವ ಮಾತಿಗೆ ಕಿವಿ ಕೊಟ್ಟೆವು. ಹನೀಫಾರ ತಾಯಿ ಅವ್ವಮ್ಮನವರದ್ದು ಕಂಚಿನ ಗಂಟೆಯಂಥ ಸ್ವರ. ಮಾತೆಲ್ಲ ತುಳುವಿನಲ್ಲಿ, ನಾನು ಕನ್ನಡಕ್ಕೆ ಮಾಡಿ ಬರೆಯುತ್ತಿದ್ದೇನೆ.

"ಪರೀಕ್ಷೆಯ ವಿಷಯ ಆದ್ರೆ ಬೇಡ ಟೀಚರೇ" ಎಂದರು ಅವ್ವಮ್ಮ. "ನನ್ನ ತಂಗಿ ಹೆತ್ತು ಎರಡು ವಾರಕ್ಕೆ ಗದ್ದೆಗೆ ಇಳಿದವಳು. ಆಮೇಲೆ ಅವಳ ಸೊಂಟ ನೆಟ್ಟಗೆ ಆಗ್ಲೇ ಇಲ್ಲ. ಬಗ್ಗಿಕೊಂಡೇ ಬದುಕಿದಳು, ಬಗ್ಗಿಕೊಂಡೇ ಹೋದಳು. ನನ್ನ ಮೊಮ್ಮಗಳಿಗೆ ಹಾಗೆ ಆಗಬಾರದು."

"ಆಗಬಾರದು ಉಮ್ಮ" ಎಂದರು ಮೇಡಂ. "ನಿಮ್ಮ ಮಾತನ್ನು ಮುರಿಯಿರಿ ಅಂತ ನಾನು ಹೇಳುದಿಲ್ಲ. ಬಾಣಂತಿ ಕೋಣೆಯನ್ನೇ ಕಾಲೇಜಿಗೆ ತಂದರೆ ಆಗ್ತದಾ? ಅದು ಹೇಗಿರಬೇಕು ಅಂತ ನೀವು ಹೇಳಿ, ಹಾಗೆಯೇ ಮಾಡಿಸ್ತೇನೆ. ಬಂದು ನೋಡಿ. ನಿಮಗೆ ಸರಿ ಕಾಣದಿದ್ರೆ ಕಾರಿನಿಂದ ಇಳಿಯುದೇ ಬೇಡ, ಹಾಗೇ ತಿರುಗಿಸಿಕೊಂಡು ಹೋಗಿ. ನಾನು ಒಂದು ಮಾತು ಆಡುದಿಲ್ಲ."

ಹನೀಫಾರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ಮೆಟ್ಟಿಲು ಹತ್ತಲಿಕ್ಕಿಲ್ಲ" ಎಂದರು ಅವ್ವಮ್ಮ.

"ಇಲ್ಲ."

"ಗಾಳಿ ನುಗ್ಗುವ ಕೋಣೆ ಆಗ್ಲಿಕ್ಕಿಲ್ಲ. ಫ್ಯಾನು ಬೇಡ. ಜೋಲಿ ಕಟ್ಟಲಿಕ್ಕೆ ಗಟ್ಟಿ ಕೊಕ್ಕೆ ಬೇಕು. ಮಗು ಅತ್ತರೆ ತಾಯಿ ಎದ್ದು ಬರಬೇಕು. ಸರಕಾರದವರು ತಡೆದ್ರೆ ನಾನು ಕೇಳುದಿಲ್ಲ."

"ಸರಿ ಉಮ್ಮ."

"ಮತ್ತೆ, ನಾನು ಬರ್ತೇನೆ. ಬೇರೆಯವರ ಕೈಗೆ ಮಗು ಕೊಡುದಿಲ್ಲ."

ಈಗ ನನ್ನ ಕೋಣೆಯ ಕಥೆ. ಮಹಡಿ ಹತ್ತದೆ ಪರೀಕ್ಷೆ ಬರೆಯಬಹುದಾದ ಕೊಠಡಿ ಕೆಳಗೆ ಒಂದೇ ಇತ್ತು. ಅದರ ಪಕ್ಕಕ್ಕೆ ಅಂಟಿಕೊಂಡದ್ದು ನನ್ನ ಆಟದ ಸಾಮಾನಿನ ಕೋಣೆ. ಮಾಡಿನ ತೊಲೆಯಲ್ಲಿ ಗಟ್ಟಿ ಕೊಕ್ಕೆ ಇದ್ದದ್ದೂ ಅಲ್ಲೇ, ಚೆಂಡಿನ ಚೀಲ ನೇತುಹಾಕಲು ನಾನೇ ಹಾಕಿಸಿದ್ದು. ಮರುದಿನ ಬೆಳಿಗ್ಗೆ ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲಿ ನಿಂತಿದ್ದರು. ನಾನು ತಕರಾರು ತೆಗೆದೆ. ಜಾವೆಲಿನ್ ಎಲ್ಲಿಡುವುದು, ಕೇರಂ ಬೋರ್ಡು ಎಲ್ಲಿಡುವುದು, ವಾಲಿಬಾಲ್ ನೆಟ್ಟನ್ನು ಇಲಿ ಕಡಿದರೆ ಯಾರು ಜವಾಬ್ದಾರಿ? "ನಿಮ್ಮ ಮನೆಯಲ್ಲಿಡಿ" ಎಂದರು. ಹಾಗೆಯೇ ಆಯಿತು. ನನ್ನ ಹೆಂಡತಿ ಇವತ್ತಿಗೂ ಶಾಟ್‌ಪುಟ್ ಗುಂಡನ್ನು ಬಾಗಿಲಿಗೆ ಅಡ್ಡ ಇಡುತ್ತಾಳೆ. ಹೈಜಂಪಿನ ದಪ್ಪ ಮ್ಯಾಟ್ ಮಾತ್ರ ಬಾಗಿಲಲ್ಲಿ ತೂರದೆ ಅಲ್ಲೇ ಉಳಿಯಿತು.

ಪ್ರಾಂಶುಪಾಲರು ವಿಶ್ವವಿದ್ಯಾನಿಲಯಕ್ಕೆ ಫೋನು ಮಾಡಿ ಮಾಡಿ ಸುಸ್ತಾದರು. ಮೇಡಂ ಅವರ ಎದುರಿನ ಕುರ್ಚಿ ಬಿಟ್ಟು ಏಳಲಿಲ್ಲ. ಮಹಿಳಾ ಮೇಲ್ವಿಚಾರಕಿ ಜತೆಗಿದ್ದರೆ ನಡುವೆ ಎದ್ದು ಹಾಲು ಕೊಡಬಹುದು ಎಂದು ಸಂಜೆಗೆ ಒಪ್ಪಿಗೆ ಸಿಕ್ಕಿತು.

ಪರೀಕ್ಷೆಯ ದಿನ ಹನೀಫಾರ ಕಾರು ಕೋಣೆಯ ಬಾಗಿಲಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಫಾಹಿಮಾ ತಲೆ ಕಿವಿ ಎಲ್ಲ ಮುಚ್ಚಿಕೊಂಡು ಒಳಗೇ ಕೂತಿದ್ದಳು. ಮೊದಲು ಇಳಿದದ್ದು ಅವ್ವಮ್ಮ. ಕಾಲೇಜು ಎಂಬುದನ್ನು ಅವರು ಒಳಗಿನಿಂದ ನೋಡಿದ್ದು ಅದೇ ಮೊದಲು. ಕೋಣೆಯ ಕಿಟಕಿಗಳನ್ನು ಎಳೆದು ನೋಡಿದರು. ಗೋಡೆಗೆ ಅಂಗೈ ಒತ್ತಿ ತೇವ ಉಂಟಾ ಎಂದು ನೋಡಿದರು. ಜೋಲಿಯ ಬಟ್ಟೆಯನ್ನು ಕೊಕ್ಕೆಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಹಿಡಿದು, ಆ ಪ್ರಾಯದಲ್ಲಿ ಕಾಲು ಮಡಚಿ ಜೋತುಬಿದ್ದರು. ಕೊಕ್ಕೆ ಅಲುಗಲಿಲ್ಲ.

"ಇಳಿ ಮಗಳೇ" ಎಂದರು ಅವ್ವಮ್ಮ, ಕಾರಿನ ಕಡೆಗೆ ತಿರುಗಿ.

ಅಂದಿನಿಂದ ಪ್ರತಿ ಪರೀಕ್ಷೆಗೂ ಅವರು ಬಂದರು. ಹೈಜಂಪಿನ ಮ್ಯಾಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಜೋಲಿ ತೂಗುತ್ತಿದ್ದರು. ನಮ್ಮ ಹುಡುಗರು ಅದರ ಮೇಲೆ ಇಷ್ಟು ವರ್ಷದಲ್ಲಿ ಮಾಡಿದ ಸಾಧನೆಗಿಂತ ಅದು ದೊಡ್ಡದು, ನಾನೇ ಹೇಳುತ್ತಿದ್ದೇನೆ. ಒಂದು ದಿನ ಮಗುವಿಗೆಂದು ಸಾಂಬ್ರಾಣಿ ಹೊಗೆ ಹಾಕಿಬಿಟ್ಟರು. ಅದೇ ಹೊತ್ತಿಗೆ ನಕಲು ಹಿಡಿಯುವ ತಂಡದವರು ಬಂದಿಳಿದು, ಬೆಂಕಿ ಬಿದ್ದಿದೆಯೆಂದು ಓಡಿಬಂದರು. ಬಾಗಿಲು ತೆರೆದರೆ ಅಜ್ಜಿ, ಮೊಮ್ಮಗಳ ಮಗು, ಮತ್ತು ಕೆಮ್ಮುತ್ತಾ ಫ್ಲಾಸ್ಕಿನಿಂದ ಕಷಾಯ ಬಗ್ಗಿಸುತ್ತಿದ್ದ ನಮ್ಮ ವಾಗ್ದೇವಿ ಮೇಡಂ. ಅವರಿಗೂ ಒಂದೊಂದು ಲೋಟ ಸಿಕ್ಕಿತು.

ಫಾಹಿಮಾ ಉಳಿದ ಎಲ್ಲ ಪರೀಕ್ಷೆ ಬರೆದಳು, ಎಲ್ಲದರಲ್ಲೂ ಒಳ್ಳೆಯ ಅಂಕ. ಆದರೆ ಆದಾಯ ತೆರಿಗೆ ಒಂದು ಬಾಕಿ ಉಳಿಯಿತು. ಅದಿಲ್ಲದೆ ಪದವಿ ಇಲ್ಲ. ಮೇಡಂಗೆ ಆ ಸಂತೋಷದಲ್ಲೂ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. 'ನಾನು ಸರಿಯಾದ ಬಾಗಿಲು ತಟ್ಟಿದ್ದರೆ ಅದೂ ಆಗುತ್ತಿತ್ತು' ಎಂದು ಎಷ್ಟು ಸಲ ಹೇಳಿದ್ದಾರೋ. ವೀಸಾ ಬಂದರೆ ಹುಡುಗಿ ವಿಮಾನ ಹತ್ತುವುದೇ.

ನನ್ನ ಕೋಣೆ ನನಗೆ ವಾಪಸು ಬರಲಿಲ್ಲ. ಆಮೇಲೆ ಶುಭಶ್ರೀ ಎಂಬ ಹುಡುಗಿ ಅತ್ತೆಯ ಜತೆ ಮಗುವನ್ನು ಕರೆದುಕೊಂಡು ಬಂದಳು. ಈಗ ಯಾರ ಮನೆಗೆ ಹೋದರೂ ಮೇಡಂ ಮೊದಲು ಕೇಳುವ ಪ್ರಶ್ನೆ, ಬಾಣಂತನ ಮಾಡುವವರು ಯಾರು ಎಂದು. ಅಡುಗೆಮನೆಯಲ್ಲಿ ಮಾತು ಮುಗಿಸಿಯೇ ಅವರು ಜಗಲಿಗೆ ಬರುವುದು.

ಹೋದ ವರ್ಷ ಆದಾಯ ತೆರಿಗೆ ಪರೀಕ್ಷೆ ಮತ್ತೆ ಬಂತು. ಫಾಹಿಮಾ ಬರುತ್ತಾಳೆಂಬ ಭರವಸೆ ನನಗಿರಲಿಲ್ಲ. ಬೆಳಿಗ್ಗೆ ನೋಡಿದರೆ ಅದೇ ಕಾರು ಬಾಗಿಲಿಗೆ ತಾಗಿಕೊಂಡು ನಿಂತಿದೆ. ಫಾಹಿಮಾ ನಗುತ್ತಾ ಒಳಗೆ ಹೋದಳು. ಅವಳ ಹಿಂದೆಯೇ ಅವ್ವಮ್ಮ, ಸೊಂಟದಲ್ಲಿ ಹನಾ. ಮಗು ಆಗಲೇ ಗೋಡೆ ಹಿಡಿದು ನಿಲ್ಲುತ್ತಿತ್ತು. ಜೋಲಿಯಲ್ಲಿ ಮಲಗುವ ಪ್ರಾಯ ಎಂದೋ ದಾಟಿತ್ತು. ಅವ್ವಮ್ಮ ಮಗುವನ್ನು ನೆಲಕ್ಕೆ ಬಿಟ್ಟು ತಮ್ಮ ಹಳೆಯ ಜಾಗದಲ್ಲಿ ಕೂತರು.

ಮೇಡಂಗೆ ತಡೆಯಲಾಗಲಿಲ್ಲ. "ಮಗುವನ್ನು ಮನೆಯಲ್ಲೇ ಬಿಡಬಹುದಿತ್ತಲ್ಲ ಉಮ್ಮ. ನಾಲ್ವತ್ತು ಕಳೆದು ಎಷ್ಟು ಕಾಲ ಆಯ್ತು! ನೀವು ಯಾಕೆ ಇಷ್ಟು ದೂರ ಬಂದದ್ದು?"

"ಇದು ನಾನು ತಪ್ಪಿಸಿದ ಪರೀಕ್ಷೆ ಅಲ್ವಾ ಟೀಚರೇ" ಎಂದರು ಅವ್ವಮ್ಮ. "ವೀಸಾ ಬಂದು ಎರಡು ತಿಂಗಳಾಯ್ತು. ಅನ್ಸಾಫ್ ದಿನಾ ಫೋನ್ ಮಾಡ್ತಾನೆ. ಇದನ್ನು ಬರೆಯದೆ ಅವಳು ಹೊಸಿಲು ದಾಟಲಿಕ್ಕಿಲ್ಲ ಅಂತ ನಾನೇ ಹೇಳಿದ್ದು."

ವಾಗ್ದೇವಿ ಮೇಡಂ ಕೊಡೆಯನ್ನು ಗೋಡೆಗೆ ಒರಗಿಸಿದರು. ಚಪ್ಪಲಿ ಬಿಟ್ಟು ಮ್ಯಾಟಿನ ಮೇಲೆ ಅವರ ಪಕ್ಕಕ್ಕೆ ಹೋಗಿ ಕೂತರು. ಕೊನೆಯ ಗಂಟೆ ಹೊಡೆದು ಫಾಹಿಮಾ ಹೊರಗೆ ಬರುವವರೆಗೆ ಇಬ್ಬರೂ ಅಲ್ಲಿಂದ ಏಳಲಿಲ್ಲ.