ಆ ತುದಿ ಹಿಡ್ಕೊಳ್ಳಿ

ನಮ್ಮ ಬೀದಿಯ ಮರಗೆಲಸದ ಅಂಗಡಿಗೆ ಬಂದವರೆಲ್ಲ ಮೊದಲು ಕೇಳುವುದು, "ಮೇಸ್ತ್ರಿ ಇಲ್ವೇನಮ್ಮಾ?" ಅಂತ. ಬಡಗಿ ಹುಡುಗಿ ಗರಗಸದಿಂದ ಕಣ್ಣೆತ್ತುವುದಿಲ್ಲ. "ಇದ್ದಾರೆ. ಈ ಹಲಗೆಯ ಆ ತುದಿ ಸ್ವಲ್ಪ ಹಿಡ್ಕೊಳ್ಳಿ," ಅನ್ನುತ್ತಾಳೆ. ಮೇಸ್ತ್ರಿ ಯಾರೆಂದು ಅವರಿಗೆ ಹೊಳೆಯುವ ಹೊತ್ತಿಗೆ ಹಲಗೆ ಎರಡು ತುಂಡಾಗಿ, ಅವರ ಇಸ್ತ್ರಿ ಪ್ಯಾಂಟಿನ ತುಂಬ ಮರದ ಹೊಟ್ಟು ಬಿದ್ದಿರುತ್ತದೆ. ಬೀದಿಯ ದೊಡ್ಡ ಮನುಷ್ಯರೆಲ್ಲ ಹೀಗೆ ಅವಳ ಹತ್ತಿರ ಬಿಟ್ಟಿ ಚಾಕರಿ ಮಾಡಿದವರೇ. ಕಿವಿಯ ಮೇಲೆ ಪೆನ್ಸಿಲ್, ಬಾಯಲ್ಲಿ ಮೊಳೆ; ಯಾರಾದರೂ ಮದುವೆಯ ಮಾತೆತ್ತಿದರೆ ಇನ್ನೆರಡು ಮೊಳೆ ಬಾಯಿಗೆ ಸೇರುತ್ತವೆ. "ಹೆಣ್ಮಕ್ಕಳಿಗೆ ಯಾಕೆ ಈ ಕೆಲಸ?" ಎಂದವರ ಮನೆಯ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಕೂತರೆ, ಅಲ್ಲಿಗೆ ಎಲ್ಲರಿಗಿಂತ ಕೊನೆಗೆ ಹೋಗುತ್ತಾಳೆ. ಅವಳ ಉಳಿ, ಸುತ್ತಿಗೆ, ಗರಗಸ ಎಲ್ಲವೂ ಅಪ್ಪನವು. ಅಪ್ಪ ಸೊಂಟನೋವಿನಿಂದ ಮನೆ ಹಿಡಿದ ಮೇಲೆ ಅವಳು ಮಾಡಿದ ಮೊದಲ ಕೆಲಸವೆಂದರೆ, ಒಂದೊಂದರ ಹಿಡಿಯನ್ನೂ ತನ್ನ ಅಂಗೈಗೆ ಹೊಂದುವಂತೆ ಕೆತ್ತಿ ಸಣ್ಣದು ಮಾಡಿದ್ದು. ಸುತ್ತಿಗೆ ಎತ್ತಿದರೆ ತನ್ನ ಹೆಬ್ಬೆರಳಿಗೇ ಹೊಡೆದುಕೊಳ್ಳುವ ಅಣ್ಣನೊಬ್ಬ ಅವಳಿಗಿದ್ದಾನೆ. ಮೊನ್ನೆ ಅಪ್ಪ ಅಂಗಡಿಗೆ ಬಂದರು, ಈ ಸಾಮಾನನ್ನೆಲ್ಲ ಒಯ್ದು ಅವನಿಗೆ ಕೊಡಲು. ಉಳಿಯೊಂದನ್ನು ಅಂಗೈಯಲ್ಲಿ ತಿರುಗಿಸಿ, "ಇದು ಗಂಡಸರ ಕೈಗೆ ಕೂರಲ್ವಲ್ಲೇ," ಅಂದರು. "ಕೂರಬಾರ್ದು ಅಂತಲೇ ಕೆತ್ತಿದ್ದು ಅಪ್ಪ," ಅಂದಳು. "ಸುಮ್ನೆ ನಿಂತಿದ್ದೀಯಲ್ಲ, ಆ ತುದಿ ಹಿಡ್ಕೋ." ಅಪ್ಪ ಉಳಿಯನ್ನು ಅದರ ಜಾಗದಲ್ಲೇ ಇಟ್ಟು, ಹಲಗೆ ಹಿಡಿದುಕೊಂಡರು. ಮೇಸ್ತ್ರಿ ಎಲ್ಲಿ ಎಂದು ಅವರು ಕೇಳಲಿಲ್ಲ.